ಜವಳಕ್ಕಿಂತ ಮೊದಲು

ಮಳಿ ಕೈಕೊಟ್ಟ ವರ್ಷ ಅದು. ನಮ್ಮೂರು ಡಾಬಕಾದ ಗಂಡಸರು ಬಹಳ ಮಂದಿ ಪುಣೆಕ್ಕ ಕಟ್ಟಡದ ಕೆಲಸಕ್ಕ ಹೋಗಿದ್ದರು. ನನ್ನ ಮಗನೂ ಸೊಸಿಯ ಅಣ್ಣನೂ ಅಲ್ಲೇ. ಮನಿಯಾಗ ನಾನು, ಸೊಸಿ, ಎರಡು ತಿಂಗಳ ಮೊಮ್ಮಗ.

ಕೂಸಿನ ನೆತ್ತಿಗೆ ಎಣ್ಣಿ ಹಚ್ಚುವಾಗ ಮೆತ್ತಗಿನ ತಗ್ಗು ಕೈಗೆ ಹತ್ತಲಿಲ್ಲ. ಅಲ್ಲಿ ಗಟ್ಟಿ ಏಣು ಇತ್ತು. ತಲಿ ಸೌತಿಕಾಯಿಯಂಗ ಉದ್ದ. ತಿಕ್ಕಿದರ ಸರಿ ಆಗ್ತದ ಅಂದರು ಓಣಿಯವರು. ತಿಕ್ಕಿದೆ, ಆಗಲಿಲ್ಲ.

ಬೀದರದ ಡಾಕ್ಟರು ಹೈದ್ರಾಬಾದಿಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ತಿಳಿಸಿ ಹೇಳಿದರು. ಬುರುಡಿಯ ಎಲುಬು ಹೊತ್ತಿಗೆ ಮುಂಚೆ ಕೂಡಿಬಿಟ್ಟಾವ, ಮಿದುಳು ಬೆಳಿಯಾಕ ಜಾಗ ಬೇಕು. ಈಗ ಎಲುಬು ತೆಳ್ಳಗದ, ಎರಡು ಸಣ್ಣ ಗಾಯ ಮಾಡಿ ದುರ್ಬೀನಿನಾಗ ನೋಡ್ತಾ ಕೂಡಿದ್ದನ್ನ ತೆಗಿಬಹುದು. ತಡ ಆದರ ಈ ಕಿವಿಯಿಂದ ಆ ಕಿವಿತನಕ ಕೊಯ್ಯಬೇಕು.

"ಕೂದಲಾ ತೆಗಿತೀರೇನ್ರಿ?" ಸೊಸಿ ಕೇಳಿದ್ದು ಇದೊಂದೇ.

"ಗಾಯದ ಜಾಗದಾಗ ಅಷ್ಟೇ."

ಆಕಿ ಕೂಸನ್ನ ಸೆರಗಿನಾಗ ಮುಚ್ಚಿಕೊಂಡಳು. ನಮ್ಮಲ್ಲಿ ಹುಟ್ಟುಗೂದಲಿಗೆ ಮೊದಲು ಕತ್ತಿ ತಾಗೋದು ಜವಳದ ದಿನ, ಸೋದರಮಾವನ ತೊಡಿ ಮ್ಯಾಲೆ. ಮುಂಚೆ ತಾಗಿದರ ಕೂಸಿಗೆ ಕೇಡು ಅಂತಾರ. ಆಕಿ ಅಣ್ಣ ಬರಾವ ಯುಗಾದಿಗೆ.

"ಅಣ್ಣ ಬರೋತನಕ ತಡಿಯೋಣರಿ ಅತ್ತಿ."

"ಎಲುಬು ತಡಿತದೇನು?"

"ನಿಮಗ ಅಂಜಿಕಿ ಇಲ್ಲೇನ್ರಿ?"

ಇತ್ತು. ಆಪರೇಶನ್ನಿಗೆ ಮಗ ಆಗಲೇ ಹ್ಞೂಂ ಅಂದಿದ್ದ. ಆಕಿ ಅಣ್ಣಗ ನಾನೇ ಫೋನ್ ಹಚ್ಚಿ ಆಕಿ ಕೈಯಾಗ ಕೊಟ್ಟೆ. ಮಷಿನ್ ಸಪ್ಪಳದಾಗ ಎಲ್ಲಾ ಕೇಳಿದ. ಆಮ್ಯಾಲೆ ಅಂದ, "ನನ್ನ ತೊಡಿ ಎಲ್ಲಿ ಓಡಿ ಹೋಗ್ತದ ತಂಗಿ? ಕುಂದರಾಕ ಕೂಸು ಇರಬೇಕಲ್ಲ."

ಆಪರೇಶನ್ ನಡೆದಾಗ ಸೊಸಿ ನನ್ನ ಜೋಡಿ ಮಾತಾಡಲಿಲ್ಲ. ಏನರ ಆದರ ನನ್ನ ಮ್ಯಾಲೇ ಬರ್ತದ, ಗೊತ್ತಿತ್ತು. ಬಾಗಿಲು ತೆರೆದಾಗಲೆಲ್ಲಾ ಎದ್ದು ನಿಲ್ತಿದ್ದೆ, ಬ್ಯಾರೆಯವರ ಕೂಸು ಬರ್ತಿತ್ತು. ಕೊನಿಗೆ ನಮ್ಮದು ಬಂತು, ಅಳ್ತಾ. ಅದು ಹಾಲು ಕುಡಿದ ಮ್ಯಾಲೆ ಸೊಸಿ, "ಚಾ ಕುಡಿತೀರಿ?" ಅಂದಳು.

ತಲಿ ಆಕಾರಕ್ಕ ಬರಲಂತ ಕೂಸಿಗೆ ಗಟ್ಟಿ ಟೋಪಿ ಹಾಕಿದರು. ನಮ್ಮ ಬ್ಯಾಸಿಗಿಯಾಗೂ ಅದನ್ನ ತೆಗಿಯಂಗಿಲ್ಲ. ಬೆವರಿನ ಗುಳ್ಳಿ ಎದ್ದಾಗೊಮ್ಮೆ, ಜ್ವರ ಬಂದಾಗೊಮ್ಮೆ ಆಕಿ ನನ್ನ ಮುಖ ನೋಡ್ತಿದ್ದಳು. ಕೇಡು ಇದೇ ಏನು ಅಂತ ನನಗೂ ಅನಸ್ತಿತ್ತು. ಕೂಸಿನ ಕುತ್ತಿಗಿ ಬೆವರು ಒರೆಸ್ತಿದ್ದೆ.

ಟೋಪಿ ಬಿಟ್ಟ ಮ್ಯಾಲೆ ಸಾಯಗಾಂವದಾಗ, ಸೊಸಿಯ ತವರಿನಾಗ, ಜವಳ ಇಟ್ಟೆವು. ಕೂಸು ಮಾಮನ ತೊಡಿ ಮ್ಯಾಲೆ ಕುಂತಿತ್ತು. ಕ್ಷೌರದವ ಗಾಯದ ಕಲಿ ಹತ್ತಿರ ಕತ್ತಿ ನಿಲ್ಲಿಸಿದ.

"ಇಷ್ಟು ಬಿಟ್ಟು ಮಾಡ್ಲೇನ್ರಿ?"

ನನಗಿಂತ ಮೊದಲು ಸೊಸಿ ಅಂದಳು, "ಎಲ್ಲಾ ತೆಗಿರಿ. ತಲಿ ನೋಡಬೇಕು ನಾವು."

ನೋಡಿದೆವು. ಪೂರಾ ದುಂಡಗ ಇರಲಿಲ್ಲ. ನಡಿತದ.