ಕೌದಿ ಪರೀಕ್ಷೆಗೆ ಕುಳಿತದ್ದು

ಈಚೆಗೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ, ಅವರು ಕಾಫಿ ತರಲು ಒಳಗೆ ಹೋದ ಕೂಡಲೇ, ಸೋಫಾದ ಮೇಲಿನ ಹೊದಿಕೆಯ ಮೂಲೆಯನ್ನು ಮಗುಚಿ ನೋಡುತ್ತೇನೆ. ಹೋದ ವಾರ ಗೆಳತಿಯೊಬ್ಬಳು ಇದನ್ನು ಕಂಡು, "ನಮ್ಮನೇಲಿ ತಿಗಣೆ ಇಲ್ಲ ಕಣೇ" ಎಂದು ಮುಖ ಸಣ್ಣದು ಮಾಡಿಕೊಂಡಳು. ನಾನು ತಿಗಣೆ ಹುಡುಕುತ್ತಿರಲಿಲ್ಲ, ಅಂಕ ಹಾಕುತ್ತಿದ್ದೆ. ಹಾಗೆಂದು ಹೇಳಿದರೆ ಇನ್ನಷ್ಟು ನೊಂದುಕೊಂಡಾಳೆಂದು ಕಾಫಿಯನ್ನು ಹೊಗಳಿದೆ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ. ಗದಗಿನಿಂದ ಲಂಡನ್ನಿನ ಹ್ಯಾರೋದಲ್ಲಿರುವ ನಮ್ಮ ಮನೆಗೆ ಚಳಿಗಾಲ ಕಳೆಯಲು ಬಂದವರು, "ಕೈ ಕಟ್ಕೊಂಡು ಹ್ಯಾಂಗ ಕುಂದರ್ಲೆವಾ" ಎಂದು ನನ್ನ ಹಳೆಯ ಕಾಟನ್ ಸೀರೆಗಳನ್ನೆಲ್ಲ ಕೇಳಿ ಪಡೆದು ಕೌದಿ ಹೊಲಿಯತೊಡಗಿದರು. ಪಕ್ಕದ ಮನೆಯ ಮಾರ್ಗರೆಟ್ ಅದನ್ನು ನೋಡಿ, ತಮ್ಮ ಹೊದಿಕೆ ಸಂಘದ ಸ್ಪರ್ಧೆಗೆ ಇದನ್ನು ಇಡಲೇಬೇಕೆಂದು ಹಟ ಹಿಡಿದರು. ಅತ್ತೆ ಆ ಗಳಿಗೆಯಲ್ಲೇ ಗದಗಿನ ತಂಗಿಗೆ ಫೋನ್ ಹಚ್ಚಿದರು. "ನನ್ನ ಕೌದಿ ಲಂಡನ್ನಿನಾಗ ಪರೀಕ್ಷಾಕ್ಕ ಕುಂದರತೈತಿ. ಬಹುಮಾನ ಬಂದಂಗ ಅಂತ ತಿಳಕೋ." ಸಂಜೆಯ ಹೊತ್ತಿಗೆ ತಂಗಿಯ ಓಣಿಯವರೆಲ್ಲ ಹಾಗೆಯೇ ತಿಳಿದುಕೊಂಡಿದ್ದರು. ಇನ್ನು ಸೋಲುವಂತಿರಲಿಲ್ಲ.

ನನಗೋ, ಹೊದಿಕೆ ಎಂದರೆ ಬೆಚ್ಚಗಿರಬೇಕು, ಅಷ್ಟೇ. ಅದಕ್ಕೂ ಒಂದು ಶಾಸ್ತ್ರವಿದೆಯೆಂದು ಗೊತ್ತಾದದ್ದು ಮಾರ್ಗರೆಟ್ ಚಹಾ ಕುಡಿಯುತ್ತ ನಿಯಮಗಳನ್ನು ವಿವರಿಸಿದಾಗ. ಮೊದಲು ದೂರ ನಿಂತು ಬಣ್ಣಗಳ ಹೊಂದಿಕೆ ನೋಡುತ್ತಾರಂತೆ. ಆಮೇಲೆ ಹತ್ತಿರ ಬಂದು ಹೊಲಿಗೆ ಒಂದೇ ಅಳತೆಯದೇ, ಮೂಲೆ ನೆಟ್ಟಗಿದೆಯೇ, ಅಂಚಿನ ಪಟ್ಟಿ ಪೊಳ್ಳಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡುತ್ತಾರೆ. ಬಳಿಕ ಹಿಂಬದಿ. ದಾರದ ಗಂಟು ಕಂಡರೆ ತಪ್ಪು, ಬೆಕ್ಕಿನ ಕೂದಲು ಕಂಡರೆ ಮಹಾಪರಾಧ. ಹೊಲಿದವರ ಹೆಸರನ್ನು ಮುಚ್ಚಿರುತ್ತಾರೆ. ಕಡೆಗೆ ಮೂಸಿಯೂ ನೋಡುತ್ತಾರೆ! ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ನಡೆಸಿ ನೋಡಿದರು, ಹಾಡಿಸಿ ನೋಡಿದರು, ಆದರೆ ಮೂಸುವ ಮಟ್ಟಕ್ಕೆ ಹೋಗಿರಲಿಲ್ಲ.

ಮೂಸುವ ಸುದ್ದಿ ಕೇಳಿದ್ದೇ ನಾನು ಮನೆಯನ್ನೆಲ್ಲ ಮೂಸಿ ನೋಡಿದೆ. ನಮ್ಮ ಮನೆಯಲ್ಲಿ ಕೋಟು, ಲ್ಯಾಪ್‌ಟಾಪ್ ಚೀಲ, ಮಗಳ ಗಣಿತದ ಪುಸ್ತಕ ಎಲ್ಲಕ್ಕೂ ಇಂಗಿನ ಒಗ್ಗರಣೆಯ ಪರಿಮಳವಿದೆ. ಅಂದಿನಿಂದ ಸ್ಪರ್ಧೆ ಮುಗಿಯುವವರೆಗೆ ಒಗ್ಗರಣೆ ನಿಷೇಧಿಸಿದೆ. ನನ್ನವರು ಬೋಳು ಸಾರನ್ನು ಕಲಸಿಕೊಂಡು ವೈರಾಗ್ಯದ ಮುಖದಲ್ಲಿ ಉಣ್ಣುತ್ತಿದ್ದರು. ಅತ್ತೆಗೂ ದಿನಕ್ಕೊಂದು ಉಪದೇಶ: "ಅತ್ತೆ, ಕೈ ತೊಳ್ಕೊಂಡೇ ಮುಟ್ಟಿ. ಅತ್ತೆ, ಅದರ ಹತ್ರ ಅವಲಕ್ಕಿ ತಿನ್ಬೇಡಿ." ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಮತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಸ್ಪರ್ಧೆಯ ದಿನ ಬಂತು. ಚರ್ಚಿನ ಸಭಾಂಗಣಕ್ಕೆ ಕೌದಿಯನ್ನು ಮುಟ್ಟಿಸಿ ನಾನು ಹೊರಡುವುದರಲ್ಲಿದ್ದೆ. ತೀರ್ಪುಗಾರ್ತಿ ಹೇಳಿದ್ದನ್ನು ಬರೆದುಕೊಳ್ಳಬೇಕಾದವರಿಗೆ ಜ್ವರ ಬಂದಿತ್ತು. ಮಾರ್ಗರೆಟ್ ನನ್ನ ಕೈಗೆ ಪೆನ್ನು ಕೊಟ್ಟು, "ನಿಮ್ಮ ಮನೆಯದು ಬಂದರೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಅದು ಸ್ಪರ್ಧೆಯಿಂದಲೇ ಹೊರಗೆ" ಎಂದರು. ನನಗೆ ಒಳಗೊಳಗೇ ಖುಷಿಯಾಯಿತೆಂದು ನಿಮಗಷ್ಟೇ ಹೇಳುತ್ತೇನೆ. ಅತ್ತೆಯ ಕೆಲಸದ ಕುಂದುಕೊರತೆಗಳನ್ನು ಸೊಸೆಯಂದಿರು ಮನಸ್ಸಿನಲ್ಲೇ ಎಣಿಸಿಕೊಂಡು ಬಂದಿದ್ದಾರೆ. ಅದನ್ನು ಅಧಿಕೃತವಾಗಿ ಬರೆದುಕೊಡಿ ಎಂದು ಕೈಗೆ ಪೆನ್ನು ಕೊಟ್ಟವರುಂಟೇ?

ತೀರ್ಪುಗಾರ್ತಿ ಬಿಳಿ ಕೈಗವಸು ತೊಟ್ಟ ಎತ್ತರದ ಹೆಂಗಸು. ಯಾವುದನ್ನೂ ಕೆಟ್ಟದ್ದು ಎನ್ನುತ್ತಿರಲಿಲ್ಲ. "ಮೂಲೆಗಳ ಕಡೆ ಇನ್ನಷ್ಟು ಗಮನ ಹರಿಸಿದ್ದರೆ ಈ ಕೃತಿಗೆ ಲಾಭವಾಗುತ್ತಿತ್ತು" ಎನ್ನುತ್ತಿದ್ದರು. ಕ್ಯಾನರಿ ವಾರ್ಫ್‌ನ ಆಫೀಸಿನಲ್ಲಿ ಪ್ರತಿ ವರ್ಷ ನನ್ನ ಮ್ಯಾನೇಜರು ನನ್ನ ಬಗ್ಗೆ ಬರೆಯುವುದೂ ಇದೇ ಧಾಟಿಯಲ್ಲಿ. ಅದರ ಅರ್ಥ ಏನೆಂದು ನನಗೆ ಚೆನ್ನಾಗಿ ಗೊತ್ತಿದ್ದುದರಿಂದ ಹೊಲಿದವರ ಮೇಲೆ ಕನಿಕರವಾಯಿತು.

ನಮ್ಮ ಕೌದಿಯ ಸರದಿ ಬಂತು. ಆಕೆ ದೂರ ನಿಂತರು, ಹತ್ತಿರ ಬಂದರು, ಹಿಂದೆ ತಿರುಗಿಸಿದರು, ಮೂಸಿದರು. "ಬಣ್ಣಗಳಲ್ಲಿ ಎಂಥ ಧೈರ್ಯ! ಕೈಹೊಲಿಗೆ ಅಪೂರ್ವ" ಎಂದರು. ಬರೆದೆ. ನಾನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಕುಂದುಗಳಲ್ಲಿ ಒಂದನ್ನೂ ಆಕೆ ಹೇಳಲಿಲ್ಲ. ಬಹುಮಾನ ಇದಕ್ಕೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಅಷ್ಟರಲ್ಲಿ ಆಕೆ ಕೆಳಗಿನ ಮೂಲೆಗೆ ಬಗ್ಗಿ ಬೆರಳಿನಿಂದ ಉಜ್ಜಿದರು. ಬಿಳಿ ಕೈಗವಸಿನ ತುದಿ ಹಳದಿಯಾಯಿತು.

ಅರಿಶಿನ! ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ದೇವರ ಮುಂದೆ ಕೌದಿಯನ್ನಿಟ್ಟು, ಅರಿಶಿನ ಕಲಸಿ ಬೆರಳು ಅದ್ದಿ, ಮೂಲೆಗೆ ಒಂದು ಬೊಟ್ಟು ಹಚ್ಚಿದವಳು ನಾನೇ. ಮಗಳ ಹೊಸ ಯೂನಿಫಾರ್ಮಿಗೂ ನನ್ನವರ ಹೊಸ ಶರ್ಟಿಗೂ ಹಚ್ಚುವ ಕೈ, ನನ್ನನ್ನು ಕೇಳದೆ ಇದಕ್ಕೂ ಹಚ್ಚಿತ್ತು. ಹೇಳೋಣವೆಂದರೆ, ಬಾಯಿ ಬಿಟ್ಟರೆ ಕೌದಿ ಸ್ಪರ್ಧೆಯಿಂದಲೇ ಹೊರಗೆ. "ಹೊಲಿಗೆಗೆಂದು ಗುರುತು ಹಾಕಿದ ಬಣ್ಣ ಹೋಗಿಲ್ಲ, ಕಲೆಯಾಗಿದೆ. ಅಯ್ಯೋ ಪಾಪ, ಬರೆಯಿರಿ" ಎಂದರು ಆಕೆ. ನನ್ನ ತಪ್ಪನ್ನು ನಾನೇ ದುಂಡಗಿನ ಅಕ್ಷರಗಳಲ್ಲಿ ಬರೆದೆ.

ಮೊದಲ ಬಹುಮಾನದ ರಿಬ್ಬನ್ನು ಮೊಲಗಳ ಚಿತ್ರವಿದ್ದ ಹೊದಿಕೆಗೆ ಹೋಯಿತು. ಮಿಕ್ಕ ಬಹುಮಾನಗಳೂ ನಮ್ಮ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನ ನನ್ನವರು ಅತ್ತೆಯನ್ನು ಕಾರಿನಲ್ಲಿ ಕರೆತಂದರು. ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಅತ್ತೆ ಕೌದಿಯ ಮುಂದೆ ನಿಂತು, ಪಿನ್ನು ಚುಚ್ಚಿದ್ದ ಚೀಟಿಯನ್ನು ತೋರಿಸಿ, "ಏನ್ ಬರದಾರ, ಓದವಾ" ಎಂದರು.

ಚೀಟಿ ಇಂಗ್ಲಿಷಿನಲ್ಲಿತ್ತು, ಅತ್ತೆಗೆ ಇಂಗ್ಲಿಷ್ ಬಾರದು. ನಾನು ಏನು ಬೇಕಾದರೂ ಓದಬಹುದಿತ್ತು. ಇಲ್ಲಿಯವರಿಗೆ ಸೀರೆಯ ಬಟ್ಟೆ ಅಂದರೆ ಆಗುವುದಿಲ್ಲವಂತೆ ಎಂದೋ, ಮೊಲ ಅಂದರೆ ಪ್ರಾಣವಂತೆ ಎಂದೋ ಹೇಳಿ ಪಾರಾಗಬಹುದಿತ್ತು. ಆದರೆ ಅವರ ಮುಖ ನೋಡಿದ ಮೇಲೆ ಮನಸ್ಸು ಬರಲಿಲ್ಲ. ಹೊಗಳಿಕೆಯನ್ನೆಲ್ಲ ಓದಿ, "ಮೂಲೇಲಿ ಹಳದಿ ಕಲೆ ಇದೆಯಂತೆ ಅತ್ತೆ. ಬೆಳಿಗ್ಗೆ ಅರಿಶಿನ ಹಚ್ಚಿದ್ದು ನಾನೇ" ಎಂದೆ.

ಅತ್ತೆ ಬಗ್ಗಿ ಮೂಲೆಯನ್ನು ನೋಡಿದರು. ಅಲ್ಲಿಂದಲೇ ತಂಗಿಗೆ ಫೋನ್ ಹಚ್ಚಿದರು. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತೆ.

"ಬಹುಮಾನ ಬರಲಿಲ್ಲ ಬಿಡವಾ. ಹೊಲಿಗಿ ಭಾಳ ಚೊಲೋ ಅಂದ್ರಂತ. ನಮ್ಮ ಸೊಸಿ ಮೂಲಿಗೆ ಅರಿಶಿಣ ಹಚ್ಚಿದ್ಲು, ಅದನ್ನ ಕಲಿ ಅಂತ ತಿಳಕೊಂಡ್ರು." ಆ ಕಡೆಯಿಂದ ತಂಗಿಯ ಸಿಟ್ಟಿನ ದನಿ ನನಗೂ ಕೇಳಿಸಿತು. ಅತ್ತೆ ತಡೆದರು: "ಏ, ಆಕೀಗೆ ಬೈಬ್ಯಾಡ. ಇಷ್ಟು ವರ್ಷ ಆತು ಈ ಊರಿಗೆ ಬಂದು, ಯಾರೂ ಹೇಳವರಿಲ್ಲ, ಕೇಳವರಿಲ್ಲ. ಆದ್ರೂ ಹೊಸಾ ಬಟ್ಟಿ ಅರಿವಿಗೆ ಅರಿಶಿಣ ಹಚ್ಚೂದು ಬಿಟ್ಟಿಲ್ಲ ನೋಡು ನನ್ನ ಸೊಸಿ. ಇಂಥಾಕಿ ಓಣ್ಯಾಗ ಯಾರಿಗದಾಳ ಹೇಳು?"

ನನಗೆ ಕಣ್ಣು ತುಂಬಿಬಂತು. ಸೆರಗೂ ಇರಲಿಲ್ಲ, ಕೋಟಿನ ತೋಳಿನಿಂದಲೇ ಒರೆಸಿಕೊಂಡೆ. ಅತ್ತೆ ಇನ್ನೊಮ್ಮೆ ಮೂಲೆಯ ಕಡೆ ಬಗ್ಗಿ, ಫೋನಿನಲ್ಲಿ ಮುಂದುವರಿಸಿದರು.

"ನೀರು ಒಂದೀಟು ಕಡಿಮಿ ಹಾಕಿ ಕಲಸಿದ್ಲಂದ್ರ ಇಷ್ಟು ಹರಡತಿರಲಿಲ್ಲ. ಅದೊಂದು ಇನ್ನೂ ಕಲೀಬೇಕಾಕಿ."