ಸ್ಪಂಜು ಮತ್ತು ಅತ್ತೆಯ ಕ್ಯಾನು

ಕಾಸರಗೋಡಿನ ನಮ್ಮ ಲ್ಯಾಬಿನಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಫ್ರೀಜರಿನೊಳಗಿನ ಸ್ಪಂಜಿಗೆ. ದಕ್ಷಿಣದ ಕೊರೆಯುವ ಕಡಲಿನ ತಳದಿಂದ ಹಡಗಿನವರು ತಂದುಕೊಟ್ಟದ್ದು, ಒಂದು ಮುಷ್ಟಿಯಷ್ಟು. ಪಾತ್ರೆ ತಿಕ್ಕುವ ಸ್ಪಂಜಲ್ಲ ಮಾರಾಯ್ರೇ, ಇದು ಜೀವ ಇರುವಂಥದ್ದು. ಓಡಲಾರದು, ಕಚ್ಚಲಾರದು, ಕೂತಲ್ಲೇ ಮೈಯೊಳಗೆ ವಿಷ ಮಾಡಿಕೊಂಡು ಬದುಕುತ್ತದೆ. ಆ ವಿಷದಲ್ಲಿ ಮದ್ದು ಹುಡುಕುವುದು ನನ್ನ ಪಿಎಚ್‌ಡಿ.

ಒಂದು ದಿನ ಬೆಳಗ್ಗಿನಿಂದ ಕರೆಂಟಿಲ್ಲ, ಜನರೇಟರೂ ಕೈಕೊಟ್ಟಿತು. ಸ್ಪಂಜಿನ ಮಂಜು ಕರಗತೊಡಗಿತು. ಕೂಡಲೇ ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ಮುಳುಗಿಸದಿದ್ದರೆ ಕೊಳೆಯುತ್ತದೆ. ತೊಳೆದಿಟ್ಟ ಗಾಜಿನ ಬಾಟಲಿ ಒಂದೂ ಇರಲಿಲ್ಲ. ನನ್ನ ಬ್ಯಾಗಿನಲ್ಲಿ ಅತ್ತೆಯ ಪ್ಲಾಸ್ಟಿಕ್ ಕ್ಯಾನಿತ್ತು. ಮೊಗ್ರಾಲಿನಲ್ಲಿ ನಾನಿದ್ದದ್ದು ಅಪ್ಪನ ಅಕ್ಕನ ಮನೆಯಲ್ಲಿ. ಲ್ಯಾಬಿನ ನೀರು ಮುಟ್ಟಬೇಡ ಎಂದು ಅವರು ದಿನಾ ಬಾವಿ ನೀರು ತುಂಬಿಸಿ ಕೊಡುತ್ತಿದ್ದರು. ನೀರು ಚೆಲ್ಲಿ, ಒರೆಸಿ, ಸ್ಪಂಜನ್ನು ಅದರೊಳಗೇ ನೆನೆಹಾಕಿದೆ. ಒಂದು ವಾರ ಅಲ್ಲೇ ಇತ್ತು. ಪ್ಲಾಸ್ಟಿಕ್ ಬಳಸುವ ಹಾಗಿಲ್ಲ, ಹಾಗಾಗಿ ಲ್ಯಾಬಿನ ಪುಸ್ತಕದಲ್ಲಿ ಮಾತ್ರ 'ಗಾಜಿನ ಬಾಟಲಿ' ಎಂದು ಬರೆದೆ. ಕ್ಯಾನು ಕಳೆದುಹೋಯಿತು ಎಂದದ್ದಕ್ಕೆ ಅತ್ತೆ ಅಂಥದ್ದೇ ಇನ್ನೊಂದು ತಂದರು.

ಸ್ಪಂಜು ನೆನೆದು ಇಳಿದ ಸಾರ ಗಾಜಿನ ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಕೊಂದದ್ದು ಯಾವ ವಸ್ತು ಎಂದು ಗೊತ್ತಾಗುವ ಮೊದಲೇ ನನ್ನ ಗೈಡ್ ಪೇಪರಿನವರನ್ನು ಕರೆಸಿದರು. ಪೇಪರಿನಲ್ಲಿ ಬಂದ ನನ್ನ ಫೋಟೋವನ್ನು ಅತ್ತೆ ದೇವರ ಕೋಣೆಯಲ್ಲಿ ಅಂಟಿಸಿದರು.

ಅತ್ತೆಯ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಮಂಗಳೂರಿನ ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟಿದ್ದರು. ಫೋಟೋ ಬಂದ ಮೇಲೆ ಅತ್ತೆ ಹೋಗಲೇ ಇಲ್ಲ, ನಮ್ಮ ಹುಡುಗಿಯ ಮದ್ದು ಬರಲಿ ಎಂದರು. ಮದ್ದಾಗಲು ವರ್ಷಗಟ್ಟಲೆ ಬೇಕು ಎಂದು ನಾನು ಎಷ್ಟು ಬಡಿದುಕೊಂಡರೂ, ನಿನಗೆ ವಿನಯ ಜಾಸ್ತಿ ಎಂದು ನಕ್ಕರು.

ಎರಡು ತಿಂಗಳ ಮೇಲೆ, ಸಾರದಲ್ಲಿ ಏನೇನಿದೆ ಎಂದು ತೂಗಿ ಹೇಳುವ ಯಂತ್ರದ ರಿಪೋರ್ಟ್ ಬಂತು. ನೂರ ನಲವತ್ತೊಂಬತ್ತರಲ್ಲಿ ಒಂದು ಉದ್ದನೆಯ ಗೆರೆ. ನಮ್ಮ ಕಸುಬಿನವರಿಗೆ ಆ ಸಂಖ್ಯೆ ಸಾಕು. ಅದು ಸ್ಪಂಜಿನದ್ದಲ್ಲ, ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಸೇರಿಸುವ ರಾಸಾಯನಿಕ, ಕ್ಯಾನಿನಿಂದ ಮೆಥನಾಲಿಗೆ ಇಳಿದದ್ದು. ನಾನು ಕಂಡುಹಿಡಿದದ್ದು ಅತ್ತೆಯ ಕ್ಯಾನನ್ನು!

ಮೂರು ವಾರ ಬಾಯಿ ಬಿಡಲಿಲ್ಲ. ಗೈಡಿಗೆ ಹೇಳಿದರೆ ಥೀಸಿಸ್ ಹೋಯಿತು, ಅತ್ತೆಗೆ ಹೇಳಿದರೆ ಮರ್ಯಾದೆ ಹೋಯಿತು. ದಿನಾ ಬೆಳಗ್ಗೆ ಅತ್ತೆ ಕೈಗಿಟ್ಟ ತುಂಬಿದ ಕ್ಯಾನನ್ನು ಅವರ ಮುಖ ನೋಡದೆ ಬ್ಯಾಗಿಗೆ ತುರುಕುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಕೊನೆಗೆ ಒಂದು ಬೆಳಗ್ಗೆ ಬಾವಿಕಟ್ಟೆಯಲ್ಲಿ ಎಲ್ಲ ಹೇಳಿಬಿಟ್ಟೆ. ಅತ್ತೆ ಹಗ್ಗ ಬಿಡದೆ ಕೇಳಿಸಿಕೊಂಡರು.

"ಕ್ಯಾನಿನ ಮಾತು ಇರಲಿ. ಮೂರು ವಾರ ಎಂತಕ್ಕೆ ಸುಮ್ಮನಿದ್ದೆ?"

"ಹೆದರಿಕೆ ಆಯಿತು ಅತ್ತೆ."

"ನನಗೂ ಹೆದರಿಕೆಯೇ ಮಗಾ. ಡಾಕ್ಟರ ಕತ್ತಿಯದ್ದು. ನಿನ್ನ ಮದ್ದಿನ ನೆವ ಸಿಕ್ಕಿತು, ಅಷ್ಟೇ."

ಅಂದೇ ಗೈಡಿಗೂ ಹೇಳಿದೆ. ಪುಸ್ತಕದಲ್ಲಿ 'ಗಾಜಿನ ಬಾಟಲಿ'ಯನ್ನು ಹೊಡೆದುಹಾಕಿ 'ಪ್ಲಾಸ್ಟಿಕ್ ಕ್ಯಾನು' ಎಂದು ತಿದ್ದಿದೆ. ಮರುದಿನ ಅತ್ತೆಯನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಗಡ್ಡೆ ಕಂಕುಳಿಗೆ ಹರಡಿತ್ತು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಡಾಕ್ಟರು ಸಿಟ್ಟಿನಿಂದ ಕೇಳಿದರು.

ಮನೆಯಲ್ಲಿ ಕೆಲಸ ಇತ್ತು ಎಂದರು ಅತ್ತೆ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.