ಬಸ್ಸಿಗೆ ಹೊಡೆದ ಗಂಟೆ

ಮೊನ್ನೆ ಬೆಳಗಾವಿಯ ಖಾಸಬಾಗದ ಸಂತೆಯಲ್ಲಿ, ಚಹಾಕ್ಕೆ ಹಾಕುವ ಗವತಿ ಹುಲ್ಲಿನ ಕಟ್ಟೊಂದನ್ನು ಎತ್ತಿ ಮೂಗಿಗೆ ಹಿಡಿದೆ. ನಿಂಬೆಯಂಥ ಆ ವಾಸನೆ... ಕಟ್ಟನ್ನು ಹಾಗೇ ಕೆಳಗಿಟ್ಟೆ.

ಖಾನಾಪುರದ ಆಚೆ, ನಮ್ಮೂರಿನ ರೈಲು ಸ್ಟೇಷನ್ನಿನಲ್ಲಿ ಚಹಾ ಮಾರುತ್ತಿದ್ದವಳು ಊರಿಗೆಲ್ಲ ಆಯಿ. ಅಲ್ಲಿ ಸೂರಿಗೆ ತೂಗುಹಾಕಿದ್ದ ಹಳಿಯ ತುಂಡೇ ಗಂಟೆ. ಹಿಂದಿನ ಸ್ಟೇಷನ್ನಿನಿಂದ ಗಾಡಿ ಬಿಟ್ಟಿತೆಂದರೆ ಅದನ್ನು ಬಾರಿಸುತ್ತಿದ್ದರು. ಹಳಿಯ ಈಚೆಗಿದ್ದ ನಾವು ಆ ಸದ್ದು ಕೇಳಿದ ಮೇಲೇ ಮನೆ ಬಿಡುವುದು. ಹಳಿ ದಾಟಿ, ಟಿಕೆಟ್ ತೆಗೆದು, ಆಯಿಯ ಚಹಾ ಕುಡಿದರೂ ಗಾಡಿ ಬಂದಿರುತ್ತಿರಲಿಲ್ಲ.

ಬ್ರಾಡ್‌ಗೇಜ್ ಆದ ಮೇಲೆ ಗಾಡಿಗಳು ನಮ್ಮಲ್ಲಿ ನಿಲ್ಲುವುದನ್ನು ಬಿಟ್ಟವು. ಸ್ಟೇಷನ್ನು ಬಸ್ ಸ್ಟಾಪಾಯಿತು. ಗಂಟೆ ಉಳಿಯಿತು. ತಿರುವಿನಲ್ಲಿ ಬಸ್ಸು ಕಂಡರೆ ಅಲ್ಲಿ ಕೂತವರು ಯಾರಾದರೂ ಬಾರಿಸುತ್ತಿದ್ದರು, ನಾವು ಮೊದಲಿನಂತೆಯೇ ಹಳಿ ದಾಟಿ ಓಡುತ್ತಿದ್ದೆವು.

“ಇದು ಬಸ್ಸಿನ ಗಂಟಿ ಐತಿ, ಗಾಡೀದಲ್ಲ,” ಎಂದು ಆಯಿ ಬೈಯುತ್ತಿದ್ದಳು. “ಗಾಡಿ ಈಗ ಹೇಳಿ ಬರಂಗಿಲ್ಲ. ಬಿಚ್ಚಿ ಒಗೀರಿ ಅದನ್ನ.”

“ಆಯಿ, ನಿನ್ನ ಚಹಾಕ್ಕಿಂತ ನಿನ್ನ ಅಂಜಿಕಿನೇ ಕಡಕ್ ಐತಿ ನೋಡು,” ಎಂದು ಕಂಡಕ್ಟರ್ ನಗುತ್ತಿದ್ದ.

ಒಮ್ಮೆ ಆಕೆಯೇ ಗಂಟೆಯನ್ನು ಬಿಚ್ಚಿ ಬಚ್ಚಿಟ್ಟಳು. ಬಸ್ಸು ತಪ್ಪಿದವರು ಜಗಳ ತೆಗೆದು ಮತ್ತೆ ಕಟ್ಟಿಸಿದರು. ಆಮೇಲೆ ಗಂಟೆ ಆದಾಗಲೆಲ್ಲ ಆಯಿ ಒಲೆ ಬಿಟ್ಟು ಹಳಿಯ ಬಳಿ ಬರುತ್ತಿದ್ದಳು. ಎರಡೂ ಕಡೆ ನೋಡುವವರೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸುತ್ತಿದ್ದಳು.

ನಾನಾಗ ಬೆಳಗಾವಿಯ ಕಾಲೇಜಿಗೆ ಹೋಗುತ್ತಿದ್ದೆ. ಚಳಿಗಾಲದ ಒಂದು ಮುಂಜಾನೆ ದಟ್ಟ ಮಂಜು. ಆಯಿ ಗವತಿ ಹುಲ್ಲು ಕೊಯ್ಯಲು ನಮ್ಮ ಬಾವಿಯ ಬದಿಗೆ ಬಂದಿದ್ದಳು. ಆಚೆಯಿಂದ ಗಂಟೆ ಕೇಳಿಸಿತು. ಬಸ್ಸಿನವರಿಗೆ ಚಹಾ ಆಗಬೇಕು... ಹುಲ್ಲನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಚೀಲ ಹಿಡಿದು ನಾನು ಹಿಂದೆ ಹೋದೆ.

“ಆಯಿ, ತಡಿ. ಏನೂ ಕಾಣವಲ್ದು.”

“ಈಗ ಗಂಟಿ ಆಗೇತಲ್ಲ, ತಂಗಿ. ಗಾಡಿ ಬರಾಕ ಇನ್ನೂ ಹೊತ್ತೈತಿ.”

ಅದು ಹಳೆಯ ಗಾಡಿಗಳ ಕಾಲದಲ್ಲಿ ಊರವರೆಲ್ಲ ಆಡುತ್ತಿದ್ದ ಮಾತು. ಆಕೆಯ ಬಾಯಲ್ಲಿ ಅದು ಬಂದದ್ದು ನನಗೆ ಹೊಳೆಯುವಷ್ಟರಲ್ಲಿ, ಮಂಜಿನೊಳಗಿಂದ ಗಾಡಿ ಬಂದುಬಿಟ್ಟಿತು.

ಕೊನೆಯ ಡಬ್ಬಿ ಹೋದ ಮೇಲೆ ಮೊದಲು ಬಂದದ್ದು ವಾಸನೆ. ಜಜ್ಜಿದ ಹುಲ್ಲಿನ ವಾಸನೆ...

ಆಯಿಯನ್ನು ಮಣ್ಣು ಮಾಡಿದ ದಿನ ಗಂಟೆ ಬಿಚ್ಚಿದರು. ಮತ್ತೆ ಯಾವಾಗ ಕಟ್ಟಿದರೋ ತಿಳಿಯದು. ಈಚೆಗೆ ಊರಿಗೆ ಹೋದಾಗ ಆಕೆಯ ಒಲೆಯಿದ್ದಲ್ಲಿ ಸಿಮೆಂಟಿನ ಬೆಂಚು ಇತ್ತು. ನಾನು ಹಳಿಯ ಈಚೆ ನಿಂತಿದ್ದಾಗ ಗಂಟೆ ಹೊಡೆಯಿತು. ಪಕ್ಕದ ಮನೆಯ ಹೆಂಗಸು ಕೂಸನ್ನು ಸೊಂಟಕ್ಕೇರಿಸಿಕೊಂಡು ಓಡಿಬಂದಳು. ನಾನು ಕೈ ಅಡ್ಡ ಹಿಡಿದೆ.

“ಬಸ್ ಹೋಗ್ತೈತ್ರಿ, ಬಿಡ್ರಿ,” ಎಂದು ಆಕೆ ನನ್ನ ಕೈ ಸರಿಸಿ ದಾಟಿಹೋದಳು.